ಗರಡಿಯೂ ಗಡಿಗೆಯೂ

ಮೊಳಕಾಲು ಮೊಳಕೈಗಳೇ ಮೊದಲು ಕಣ್ಣಿಗೆ ಬೀಳುವಂತಹ ಹುಡುಗನೊಬ್ಬನು ಬೀದಿಯಲ್ಲಿ ನಡೆದು ಹೋದರೆ ಅವನಿಗೆ ‘ಕಡ್ಡಿ ಪೈಲ್ವಾನ’ ಎಂಬ ಬಿರುದನ್ನು ದಯಪಾಲಿಸುವುದು ನಮ್ಮ ಊರುಗಳಲ್ಲಿ ಬಹುಕಾಲದಿಂದ ನಡೆದು ಬಂದ ವಾಡಿಕೆ. ಬಿರುದು ಕೊಟ್ಟವರು ಮರುಗಳಿಗೆಯಲ್ಲಿಯೇ ಅದನ್ನು ಮರೆಯುತ್ತಾರೆ, ಪಡೆದವನು ಮರೆಯುವುದಿಲ್ಲ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಅಂಗಿಯ ತೋಳನ್ನು ಬಿಸಿಲಿನಲ್ಲಿಯೂ ಮಡಿಸದೆ ತಿರುಗುವ ಹುಡುಗನನ್ನು ಕಂಡವರಿಗೆ ಈ ಮಾತು ಅರ್ಥವಾದೀತು. ಅವನ ತಾಯಿ ‘ಎಷ್ಟು ತಿಂದರೂ ಮೈಗೆ ಹತ್ತದು’ ಎನ್ನುತ್ತಾಳೆ. ತಂದೆ ‘ಸೋಮಾರಿ, ಅಂಗಸಾಧನೆ ಮಾಡಿದರೆ ಎಲ್ಲವೂ ಸರಿಹೋಗುತ್ತದೆ’ ಎನ್ನುತ್ತಾನೆ. ಈ ಎರಡು ಮಾತುಗಳ ನಡುವಣ ವಿವಾದಕ್ಕೆ ಒಂದು ಚರಿತ್ರೆಯುಂಟು. ಅದನ್ನೇ ಈ ಹೊತ್ತು ಶ್ರೋತೃಗಳ ಮುಂದಿಡಬೇಕೆಂದಿದ್ದೇವೆ.

ನಾವೂ ಒಂದು ಕಾಲದಲ್ಲಿ ಆ ಬಿರುದಿಗೆ ಪಾತ್ರರಾಗಿದ್ದವರೇ. ಅದನ್ನು ಕಳೆದುಕೊಳ್ಳಬೇಕೆಂದು ಒಂದು ಮುಂಜಾವದಲ್ಲಿ ಮೈಸೂರಿನ ಗರಡಿಮನೆಯೊಂದರ ಗಿಡ್ಡ ಬಾಗಿಲಿನಲ್ಲಿ ತಲೆ ತಗ್ಗಿಸಿ ಒಳಹೊಕ್ಕೆವು. ಮಟ್ಟಿಯ ಕೆಂಪು ಮಣ್ಣು, ಎಣ್ಣೆಯ ವಾಸನೆ, ಮೂಲೆಯಲ್ಲಿ ಗದೆ, ಗೋಡೆಯ ಮೇಲೆ ಹನುಮಂತನ ಪಟ. ಉಸ್ತಾದರು ನಮ್ಮ ತೋಳನ್ನು ಮುಟ್ಟಿ ನೋಡಲಿಲ್ಲ. ಎಷ್ಟು ಬಸ್ಕಿ ಹೊಡೆಯಬಲ್ಲೆ ಎಂದೂ ಕೇಳಲಿಲ್ಲ. ಅವರು ಕೇಳಿದ ಮೊದಲ ಪ್ರಶ್ನೆ, ‘ಮನೇಲಿ ಕರಾವು ಉಂಟೇನಪ್ಪ?’ ಎಂಬುದು. ಇಲ್ಲವೆಂದೆವು. ‘ಹಾಗಾದರೆ ನಿಧಾನವಾಗಿ ಮಾಡು’ ಎಂದರು. ಆಗ ನಮಗೆ ಅದು ಅವಮಾನವೆಂದೇ ತೋರಿತು. ಹಳೆಯ ಗ್ರಂಥಗಳನ್ನು ಓದತೊಡಗಿದ ಮೇಲೆ, ಆ ಪ್ರಶ್ನೆಗೆ ಎಂಟುನೂರು ವರ್ಷಗಳಿಗೂ ಮೀರಿದ ವಂಶಾವಳಿಯಿದೆಯೆಂದು ತಿಳಿದುಬಂದಿತು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೧೩೦ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಅರಸನ ವಿನೋದಗಳ ನಡುವೆ ಮಲ್ಲವಿನೋದವೂ ಒಂದು. ಅಲ್ಲಿ ಮಲ್ಲರನ್ನು ವಯಸ್ಸು, ಬಲ, ಕೌಶಲಗಳಿಗೆ ತಕ್ಕಂತೆ ವಿಂಗಡಿಸಿದೆ; ಅವರು ಮಾಡತಕ್ಕ ಸಾಧನೆಗಳನ್ನು ಹೇಳಿದೆ; ಅವರಿಗೆ ಅರಮನೆಯಿಂದ ಸಲ್ಲಬೇಕಾದ ಪುಷ್ಟಿಕರವಾದ ಆಹಾರದ ಮಾತೂ ಅಲ್ಲಿದೆ. ಮಲ್ಲನ ಮೈ ಅರಸನ ಉಗ್ರಾಣದ ಲೆಕ್ಕಕ್ಕೆ ಸೇರಿದ ವಸ್ತುವೆಂಬುದನ್ನು ಆ ಗ್ರಂಥವು ಸಂಕೋಚವಿಲ್ಲದೆ ಒಪ್ಪಿಕೊಂಡಿದೆ. ಉಣ್ಣಿಸುವವನೊಬ್ಬನಿಲ್ಲದೆ ಮಲ್ಲನಿಲ್ಲ.

ಅರಸನೇ ಸಾಧಕನಾದಾಗ ಈ ತೊಡಕೂ ಇರುವುದಿಲ್ಲ. ೧೫೨೦ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಕೃಷ್ಣದೇವರಾಯನ ದಿನಚರಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ದೊರೆಯು ಬೆಳಗಾಗುವುದಕ್ಕೆ ಮುನ್ನ ಎದ್ದು, ಇಂದಿನ ಅಳತೆಯಲ್ಲಿ ಕಾಲು ಲೀಟರಿಗೂ ಮಿಗಿಲಾದ ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದೇ ಎಣ್ಣೆಯನ್ನು ಹಚ್ಚಿಸಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನು ತೋಳುಗಳಲ್ಲಿ ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ತಿರುಗಿಸಿ, ತನ್ನ ಜಟ್ಟಿಯೊಬ್ಬನೊಡನೆ ಕುಸ್ತಿಯಾಡಿ, ಅನಂತರ ಕುದುರೆಯೇರಿ ಬಯಲಿನಲ್ಲಿ ಓಡಾಡುತ್ತಿದ್ದನಂತೆ. ರಾಯನ ಮೈಯನ್ನು ಬಣ್ಣಿಸುವಾಗ ಅವನು ತೆಳ್ಳಗಿನವನೆನ್ನುವುದಕ್ಕಿಂತ ಸ್ವಲ್ಪ ದಪ್ಪವೆನ್ನಬೇಕು ಎಂದಿದ್ದಾನೆ ಪಾಯಸ. ಆಶ್ಚರ್ಯವೇನು? ಎಣ್ಣೆಯ ಒಂದೊಂದು ಗ್ರಾಮಿನಲ್ಲಿಯೂ ಒಂಬತ್ತು ಕ್ಯಾಲೊರಿಯ ಶಕ್ತಿಯಿರುತ್ತದೆ. ಹಾಗಿದ್ದ ಮೇಲೆ ರಾಯನ ಬೆಳಗಿನ ಪಾನವೊಂದೇ ಸಾಮಾನ್ಯನ ಒಂದು ದಿನದ ಊಟಕ್ಕೆ ಸಮೀಪವಾಗುತ್ತದೆ. ಇದನ್ನು ಕೇಳಿ ಯಾರೂ ಎಣ್ಣೆಯ ಬಟ್ಟಲಿಗೆ ಕೈ ಹಾಕಬಾರದು. ನಾವು ಗಮನಿಸಬೇಕಾದುದು ಬೇರೊಂದು: ರಾಯನು ಎತ್ತಿದ ಭಾರವನ್ನು ಬಣ್ಣಿಸುವ ವಿದೇಶೀಯನು ಕುಡಿದ ಎಣ್ಣೆಯನ್ನೂ ಬಿಡದೆ ಬರೆದ. ನಮ್ಮ ಕಾಲದ ಜಾಹೀರಾತುಗಾರರು ಇವೆರಡರಲ್ಲಿ ಒಂದನ್ನು ಮರೆಸಿಬಿಡುತ್ತಾರೆ.

ಮೈಸೂರಿನ ಜಟ್ಟಿಗಳ ಕಥೆಯೂ ಇದೇ ಜಾಡಿನದು. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ಶ್ರೋತೃಗಳಲ್ಲಿ ಅನೇಕರು ಕಣ್ಣಾರೆ ಕಂಡಿರಬಹುದು. ಆ ಕಾಳಗವು ಕೆಲವೇ ನಿಮಿಷಗಳದು. ಅದರ ಹಿಂದಿನ ಸಾಧನೆಗೂ ಊಟಕ್ಕೂ ರಾಜಾಶ್ರಯವೇ ಆಧಾರವಾಗಿತ್ತು. ಉತ್ತರದ ಗಾಮಾ ಪೈಲ್ವಾನನ ವಿಷಯವಾದರೂ ಅಷ್ಟೆ. ೧೯೧೦ರಲ್ಲಿ ಲಂಡನ್ನಿನಲ್ಲಿ ಝ್ಬಿಸ್ಕೋ ಎಂಬ ಪ್ರಸಿದ್ಧ ಮಲ್ಲನನ್ನು ಎರಡು ಗಂಟೆಗಳಿಗೂ ಹೆಚ್ಚು ಕಾಲ ನೆಲ ಬಿಟ್ಟೇಳದಂತೆ ಒತ್ತಿಹಿಡಿದು, ೧೯೨೮ರಲ್ಲಿ ಪಟಿಯಾಲಾದಲ್ಲಿ ಅವನನ್ನೇ ಒಂದು ನಿಮಿಷದೊಳಗೆ ಚಿತ್ತು ಮಾಡಿದ ಗಾಮಾ, ದತಿಯಾ ಮತ್ತು ಪಟಿಯಾಲಾ ಸಂಸ್ಥಾನಗಳ ಅನ್ನದಲ್ಲಿ ಬೆಳೆದವನು. ಅವನು ಕುಡಿಯುತ್ತಿದ್ದ ಹಾಲಿನ ಪ್ರಮಾಣವು ಹೇಳುವವರ ಬಾಯಿಂದ ಬಾಯಿಗೆ ಏರುತ್ತಲೇ ಬಂದಿರುವುದರಿಂದ ನಾವು ಅದನ್ನು ಇಲ್ಲಿ ಹೇಳುವುದಿಲ್ಲ. ಸಂಸ್ಥಾನಗಳು ಹೋದ ಮೇಲೆ ಲಾಹೋರಿನಲ್ಲಿ ಬಡತನದ ಕೊನೆಗಾಲವನ್ನು ಕಳೆದು ೧೯೬೦ರಲ್ಲಿ ತೀರಿಕೊಂಡನೆಂಬುದನ್ನು ಮಾತ್ರ ಹೇಳಿದರೆ ಸಾಕು.

ಇಷ್ಟರೊಳಗೆ ಮತ್ತೊಂದು ಗಾಳಿ ಬೀಸಿತು. ಜರ್ಮನಿಯ ಕಡೆಯಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ಯೂಜಿನ್ ಸ್ಯಾಂಡೋ (೧೮೬೭–೧೯೨೫) ತನ್ನ ಶಿಲ್ಪದಂತಹ ಮೈಯನ್ನು ರಂಗದ ಮೇಲೆ ಪ್ರದರ್ಶಿಸುತ್ತ ಲೋಕವನ್ನೆಲ್ಲ ಸುತ್ತಿ, ೧೯೦೫ರ ಸುಮಾರಿಗೆ ಭಾರತಕ್ಕೂ ಬಂದ. ಬಾಲ್ಯದಲ್ಲಿ ತಾನು ದುರ್ಬಲನಾಗಿದ್ದೆನೆಂದೂ, ಇಟಲಿಯ ಪ್ರತಿಮೆಗಳನ್ನು ನೋಡಿ ಅಂತಹ ದೇಹವನ್ನು ಪಡೆಯುವ ಹಟ ತೊಟ್ಟೆನೆಂದೂ ಅವನು ಹೇಳಿಕೊಂಡ. ನಿಜವೋ ಕಟ್ಟುಕಥೆಯೋ, ಅಂದಿನಿಂದ ಬಡಕಲು ಹುಡುಗನ ಕಥೆಗೆ ಒಂದು ಅಚ್ಚು ಸಿದ್ಧವಾಯಿತು. ಅಂಚೆಯಲ್ಲಿ ಪಾಠ ಬಂದಿತು. ಸ್ಪ್ರಿಂಗು ಹಾಕಿದ ಡಂಬೆಲ್ಲು ಬಂದಿತು. ಅಮೆರಿಕೆಯಲ್ಲಿ ಚಾರ್ಲ್ಸ್ ಅಟ್ಲಾಸನು ೧೯೨೦ರ ದಶಕದಿಂದ ‘ತೊಂಬತ್ತೇಳು ಪೌಂಡಿನ ನಿರ್ಬಲ’ನನ್ನು, ಎಂದರೆ ಸುಮಾರು ೪೪ ಕಿಲೋ ತೂಕದ ಹುಡುಗನನ್ನು, ಪತ್ರಿಕೆಗಳ ಪುಟಗಳಲ್ಲಿ ಅವಮಾನಕ್ಕೆ ಗುರಿಮಾಡಿ, ಅದೇ ಅವಮಾನವನ್ನು ಬಂಡವಾಳ ಮಾಡಿಕೊಂಡು ಪಾಠಗಳನ್ನು ಮಾರಿದ. ಈ ಹೊಸ ಗುರುಗಳಿಂದ ಒಳಿತೇನೂ ಆಗಲಿಲ್ಲವೆಂದು ನಾವು ಹೇಳುವುದಿಲ್ಲ. ಅರಮನೆಯ ಆಶ್ರಯವಿಲ್ಲದ ಗುಮಾಸ್ತೆಯ ಮಗನೂ ತನ್ನ ಕೋಣೆಯಲ್ಲಿಯೇ ಅಂಗಸಾಧನೆ ಮಾಡಬಹುದೆಂಬ ಧೈರ್ಯವನ್ನು ಕೊಟ್ಟವರು ಅವರೇ. ಆದರೆ ಅದೇ ಅಂಚೆಯಲ್ಲಿ ಒಂದು ಅನ್ಯಾಯವೂ ಬಂದಿತು. ಮೈ ತುಂಬಲಿಲ್ಲವೆಂದರೆ ತಪ್ಪು ಹುಡುಗನ ಸಂಕಲ್ಪದ್ದೆಂದಾಯಿತು. ‘ಮನೇಲಿ ಕರಾವು ಉಂಟೇನಪ್ಪ?’ ಎಂಬ ಪ್ರಶ್ನೆ ಆ ಪಾಠಗಳಲ್ಲಿ ಎಲ್ಲಿಯೋ ಹಿಂದೆ ಬಿದ್ದುಹೋಯಿತು.

ನಮ್ಮ ನಾಡಿನಲ್ಲಿ ಈ ಹೊಸ ವಿದ್ಯೆಯನ್ನೂ ಹಳೆಯದನ್ನೂ ಹೊಂದಿಸಿದವರು ಬೆಂಗಳೂರಿನ ಪ್ರೊಫೆಸರ್ ಕೆ. ವಿ. ಅಯ್ಯರ್. ಕನ್ನಡ ಓದುವವರು ಅವರನ್ನು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ಬಲ್ಲರು. ಕೈಲಾಸಂ ಅವರ ಆಪ್ತರೆಂದೂ ಬಲ್ಲರು. ಅವರು ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿ, ೧೯೩೦ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿ, ಸೂರ್ಯನಮಸ್ಕಾರ ಹಠಯೋಗಗಳ ಜೊತೆಗೆ ಭಾರದ ಸರಳುಗಳನ್ನು ಎತ್ತಿಸಿ, ಅಂಚೆಯ ಮೂಲಕವೂ ದೂರದ ಶಿಷ್ಯರಿಗೆ ಪಾಠ ಹೇಳಿದರು. ದೇಹವನ್ನು ಕಡೆದು ನಿಲ್ಲಿಸಿದವರೇ ಕಥೆಯನ್ನೂ ಕಡೆದು ನಿಲ್ಲಿಸಿದ ಇಂತಹ ನಿದರ್ಶನವು ಬೇರೆ ಭಾಷೆಗಳಲ್ಲಿ ಎಷ್ಟಿದೆಯೋ ಕಾಣೆವು.

ಗರಡಿಯ ಮಾತು ಹೀಗೆ ನಡೆಯುತ್ತಿದ್ದಾಗ ಗಡಿಗೆಯ ಮಾತನ್ನು ನೀಲಗಿರಿಯ ಕೂನೂರಿನಲ್ಲಿ ಒಬ್ಬ ವೈದ್ಯನು ಎತ್ತಿದ. ಸರ್ ರಾಬರ್ಟ್ ಮೆಕ್ಯಾರಿಸನ್ ಎಂಬ ಆ ಸೇನಾವೈದ್ಯನು ಭಾರತದ ಏಳು ಜನವರ್ಗಗಳ ಊಟವನ್ನು ಎಳೆಯ ಇಲಿಗಳ ಏಳು ಗುಂಪುಗಳಿಗೆ ಬೇರೆ ಬೇರೆಯಾಗಿ ತಿನ್ನಿಸಿ ತೂಗಿ ನೋಡಿದ. ಇಲಿಗಳ ಜಾತಿ ಒಂದೇ, ವಯಸ್ಸು ಒಂದೇ, ಗೂಡೂ ಒಂದೇ ಬಗೆಯದು. ಬೇರೆಯಾದುದು ತಟ್ಟೆ ಮಾತ್ರ. ಇಡಿಯ ಗೋಧಿ, ಹಾಲು, ಬೆಣ್ಣೆ, ಬೇಳೆ, ತರಕಾರಿಗಳ ಸಿಖ್ಖರ ಊಟವನ್ನು ತಿಂದ ಇಲಿಗಳು ಸರಾಸರಿ ೨೩೫ ಗ್ರಾಮು ತೂಗಿದವು. ಪಠಾಣ, ಮರಾಠ, ಗೂರ್ಖಾ ಊಟಗಳು ಅನಂತರದವು. ಐದನೆಯ ಸ್ಥಾನದಲ್ಲಿ ಕನ್ನಡಿಗರ ಊಟ, ೧೮೫ ಗ್ರಾಮು. ಅದಕ್ಕೂ ಕೆಳಗೆ ಬಂಗಾಳ. ಮಿಲ್ಲಿನಲ್ಲಿ ತೌಡು ಕಳೆದ ಅಕ್ಕಿಯನ್ನೇ ನೆಚ್ಚಿದ ಮದರಾಸಿನ ಊಟ ಕಟ್ಟಕಡೆಗೆ, ೧೫೫ ಗ್ರಾಮು. ಇಲಿಯು ಹುಡುಗನಲ್ಲ, ‘ಕನ್ನಡಿಗರ ಊಟ’ವೆಂಬುದೂ ಒಂದೇ ಅಲ್ಲ, ಕೋಲಾರದ ಮುದ್ದೆ ಬೇರೆ, ಧಾರವಾಡದ ರೊಟ್ಟಿ ಬೇರೆ, ಮಂಗಳೂರಿನ ಮೀನು ಬೇರೆ. ಹಾಗಿದ್ದರೂ ‘ಇದು ವಂಶದ ಗುಣ, ಅವರು ಹುಟ್ಟಿನಿಂದಲೇ ಬಲಿಷ್ಠರು, ನಾವು ಸೊರಗಿದವರು’ ಎಂದು ಹೇಳಿಕೊಂಡು ಕೈಕಟ್ಟಿ ಕುಳಿತಿದ್ದವರಿಗೆ ಆ ತಕ್ಕಡಿಯು ಕೊಟ್ಟ ಉತ್ತರವು ದೊಡ್ಡದು. ಅಲ್ಲಿ ಯಾವ ಇಲಿಗೂ ಸಂಕಲ್ಪಬಲವನ್ನು ಬೋಧಿಸಿರಲಿಲ್ಲವಷ್ಟೆ!

ಇನ್ನು ಇಬ್ಬರು ಬಡಕಲು ಹುಡುಗರನ್ನು ನೋಡೋಣ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ೧೯೧೮ರ ಡಿಸೆಂಬರಿನಲ್ಲಿ, ಇನ್‌ಫ್ಲುಯೆಂಜಾ ಮಾರಿಯು ದೇಶವನ್ನು ಬಾಚಿಕೊಂಡು ಹೋಗುತ್ತಿದ್ದ ವರ್ಷದಲ್ಲಿ, ಒಬ್ಬ ಹುಡುಗನು ಹುಟ್ಟಿದ. ಒಂಬತ್ತು ವರ್ಷಕ್ಕೆ ತಂದೆಯನ್ನು ಕಳೆದುಕೊಂಡು, ಮಲೇರಿಯಾ, ವಿಷಮಶೀತಜ್ವರ, ಕ್ಷಯಗಳಿಂದ ನರಳಿ, ಕೈಕಾಲು ಕಡ್ಡಿಯಾಗಿ, ೧೯೩೪ರಲ್ಲಿ ಮೈಸೂರಿನಲ್ಲಿದ್ದ ಭಾವ ತಿರುಮಲೈ ಕೃಷ್ಣಮಾಚಾರ್ಯರ ಮನೆಗೆ ಬಂದ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ನಡೆಯುತ್ತಿದ್ದ ಯೋಗಶಾಲೆಯ ಆಚಾರ್ಯರು ಈ ಹುಡುಗನಿಂದ ಮೊದಲು ಏನನ್ನೂ ನಿರೀಕ್ಷಿಸಿರಲಿಲ್ಲ. ಅವನೇ ಮುಂದೆ ಲೋಕಪ್ರಸಿದ್ಧರಾದ ಬಿ. ಕೆ. ಎಸ್. ಅಯ್ಯಂಗಾರ್, ೨೦೧೪ರವರೆಗೆ ಬಾಳಿದರು. ಆಸನಗಳಿಂದಲೇ ಎಲ್ಲವೂ ಆಯಿತೆಂದು ಹೇಳುವವರು, ೧೯೩೭ರಲ್ಲಿ ಪುಣೆಗೆ ಹೋದ ಮೇಲೆ ಹೊಟ್ಟೆತುಂಬ ಊಟ ದೊರೆಯದೆ ಅವರು ಕಳೆದ ದಿನಗಳನ್ನು ಬಿಟ್ಟುಬಿಡುತ್ತಾರೆ. ಆ ದಿನಗಳಲ್ಲಿ ಸಾಧನೆಗೆ ಕೊರತೆಯಿರಲಿಲ್ಲ.

ಇನ್ನೊಬ್ಬರು ಬಂಗಾಳದ ಮನೋಹರ್ ಐಚ್. ಬಾಲ್ಯದಲ್ಲಿ ಕಾಲಾ ಅಜಾರ್ ಜ್ವರದಿಂದ ಸೊರಗಿಹೋಗಿದ್ದವರು. ಎತ್ತರ ಐದಡಿಗೂ ಒಂದಂಗುಲ ಕಡಿಮೆ. ಬ್ರಿಟಿಷರ ವಾಯುಪಡೆಯಲ್ಲಿದ್ದಾಗ ಮೇಲಧಿಕಾರಿಯೊಡನೆ ಜಗಳವಾಗಿ ಸೆರೆಮನೆ ಸೇರಿದರು. ಅಲ್ಲಿ ಯಾವ ಉಪಕರಣವೂ ಇಲ್ಲದೆ ಗಂಟೆಗಟ್ಟಲೆ ಕಸರತ್ತು ಮಾಡುತ್ತಿದ್ದರೆಂಬುದನ್ನು ಎಲ್ಲರೂ ಹೇಳುತ್ತಾರೆ. ಅದನ್ನು ಮೆಚ್ಚಿದ ಅಧಿಕಾರಿಗಳು ವಿಶೇಷವಾದ ಆಹಾರವನ್ನು ಮಂಜೂರು ಮಾಡಿದರೆಂಬುದನ್ನೂ ಅವರೇ ಹೇಳಿಕೊಂಡಿದ್ದುಂಟು. ೧೯೫೨ರಲ್ಲಿ ಲಂಡನ್ನಿನಲ್ಲಿ ತಮ್ಮ ಎತ್ತರದ ವರ್ಗದಲ್ಲಿ ‘ಮಿಸ್ಟರ್ ಯೂನಿವರ್ಸ್’ ಪದವಿಯನ್ನು ಪಡೆದು, ನೂರು ವರ್ಷಗಳನ್ನು ದಾಟಿ ೨೦೧೬ರಲ್ಲಿ ತೀರಿಕೊಂಡರು.

ಇಂದಿನ ಶಾಸ್ತ್ರವು ಗರಡಿಯ ಉಸ್ತಾದರ ಮಾತಿಗೆ ಅಂಕಿಗಳನ್ನು ಜೋಡಿಸಿದೆ. ಹುಡುಗರು ಮೊದಲು ಎತ್ತರಕ್ಕೆ ಬೆಳೆಯುತ್ತಾರೆ. ಮಾಂಸವು ಕೆಲವು ತಿಂಗಳ ಹಿಂದಿನಿಂದ ಬರುತ್ತದೆ. ಆದುದರಿಂದ ಹದಿನಾಲ್ಕರ ಕಡ್ಡಿತನವು ಬಹುಮಟ್ಟಿಗೆ ಬೆಳವಣಿಗೆಯ ಒಂದು ಘಟ್ಟವೇ ಹೊರತು ರೋಗವಲ್ಲ. ಆದರೆ ಇದ್ದ ತೂಕವೇ ಇಳಿಯುತ್ತಿದ್ದರೆ, ಬಾಯಾರಿಕೆಯೋ ಜ್ವರವೋ ಬಿಡದ ಕೆಮ್ಮೋ ಜೊತೆಗಿದ್ದರೆ, ಮೊದಲು ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು. ವಾರಕ್ಕೆ ಎರಡು ಮೂರು ದಿನ, ತಿಳಿದವರ ಕಣ್ಣೆದುರಿನಲ್ಲಿ, ದಂಡ ಬಸ್ಕಿಗಳಿಂದ ತೊಡಗಿ ಮೆಲ್ಲಮೆಲ್ಲಗೆ ಭಾರವನ್ನು ಹೆಚ್ಚಿಸುತ್ತ ಹೋಗುವುದರಿಂದ ಎತ್ತರವು ಕುಂಠಿತವಾಗುವುದಿಲ್ಲ. ಆ ಭಯವು ಹಳೆಯದು. ಸಾಧನೆಯು ಮಾಂಸಖಂಡವನ್ನು ಕೆಣಕುತ್ತದೆ; ಕಟ್ಟುವುದು ಅನಂತರದ ಊಟ ಮತ್ತು ಎಂಟರಿಂದ ಹತ್ತು ಗಂಟೆಗಳ ನಿದ್ರೆ. ಸಾಧನೆ ಮಾಡುವ ಹುಡುಗನಿಗೆ ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ ಸುಮಾರು ೧.೨ರಿಂದ ೧.೬ ಗ್ರಾಮು ಪ್ರೋಟೀನು ಸಾಕು. ಅಟ್ಲಾಸನ ೪೪ ಕಿಲೋ ಹುಡುಗನಿಗೆ ೫೫ರಿಂದ ೭೦ ಗ್ರಾಮು. ಒಂದು ಲೋಟ ಹಾಲಿನಲ್ಲಿ ಆರೇಳು, ಒಂದು ಮೊಟ್ಟೆಯಲ್ಲಿ ಆರು, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ ಏಳು, ನೂರು ಗ್ರಾಮು ರಾಗಿಯಲ್ಲಿ ಏಳು ಗ್ರಾಮು ಸಿಕ್ಕುತ್ತದೆ; ಗಟ್ಟಿ ಸಾರು, ಮೊಳಕೆಕಾಳು, ಮೊಸರುಗಳು ಉಳಿದುದನ್ನು ತುಂಬುತ್ತವೆ. ಇದರ ಜೊತೆಗೆ ಶಕ್ತಿಯ ಲೆಕ್ಕದಲ್ಲಿ ದಿನಕ್ಕೆ ಮುನ್ನೂರರಿಂದ ಐನೂರು ಕ್ಯಾಲೊರಿ ಹೆಚ್ಚಾದರೆ ತಿಂಗಳಿಗೆ ಒಂದೆರಡು ಕಿಲೋ ಏರಬಹುದು. ಅದಕ್ಕಿಂತ ವೇಗವಾಗಿ ಏರಿದುದು ಹೆಚ್ಚಾಗಿ ಕೊಬ್ಬು. ಡಬ್ಬಿಯ ಪುಡಿಯು ಊಟವಿದ್ದವನಿಗೆ ಅನಾವಶ್ಯಕ. ಕೆಲವು ವ್ಯಾಯಾಮಶಾಲೆಗಳ ಹಿಂಬಾಗಿಲಲ್ಲಿ ಸಿಕ್ಕುವ ಸ್ಟೀರಾಯ್ಡು ಮದ್ದುಗಳಂತೂ ಬೆಳೆಯುವ ಹುಡುಗನ ಎಲುಬಿನ ಬೆಳವಣಿಗೆಯನ್ನು ಅಕಾಲದಲ್ಲಿ ನಿಲ್ಲಿಸಿ, ಯಕೃತ್ತು ಹೃದಯಗಳನ್ನು ಕೆಡಿಸುತ್ತವೆ.

ಸೋಮೇಶ್ವರನ ಉಗ್ರಾಣವು ಈಗ ಶಾಲೆಗೆ ಬಂದಿದೆ ಎನ್ನಬಹುದು. ಕರ್ನಾಟಕದ ಶಾಲೆಗಳಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ‘ಅಕ್ಷರ ದಾಸೋಹ’ದ ಬಿಸಿಯೂಟ ತೊಡಗಿತು, ೨೦೧೩ರಲ್ಲಿ ‘ಕ್ಷೀರಭಾಗ್ಯ’ದ ಲೋಟ ಹಾಲು ಸೇರಿತು, ಅನಂತರ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಇಲ್ಲವೆ ಚಿಕ್ಕಿ ಬಂದವು. ಮೊಟ್ಟೆಯ ವಿಷಯದಲ್ಲಿ ದೊಡ್ಡವರು ಬಹಳ ವಾದ ಮಾಡಿದರು, ಮಕ್ಕಳು ತಿಂದರು. ಈ ಊಟದ ಸಾಲು ಹತ್ತನೆಯ ತರಗತಿಗೆ ಮುಗಿಯುತ್ತದೆ. ಹುಡುಗನಿಗೆ ಆಗ ಹದಿನಾರು. ಎತ್ತರವು ಬಂದು, ಮಾಂಸವು ತುಂಬಿಕೊಳ್ಳಲು ಮೊದಲಾಗುವ ವಯಸ್ಸು ಅದು. ಕಾಲೇಜಿನ ಮೊದಲ ವರ್ಷದಲ್ಲಿ ಅವನು ಬೆಳಗಿನ ಬಸ್ಸು ಹಿಡಿದು ಹೊರಟಾಗ, ಕೈಚೀಲದಲ್ಲಿ ಬುತ್ತಿಯುಂಟೇ ಎಂದು ಕೇಳುವವರು ಮನೆಯವರನ್ನು ಬಿಟ್ಟರೆ ಯಾರೂ ಇಲ್ಲ.