ಹಳೆಯ ವಾಹನಗಳ ಬ್ರೇಕ್ ಪೈಪು

ಬ್ರೇಕ್ ಪೈಪು ಎಂಬುದು ಮಾಸ್ಟರ್ ಸಿಲಿಂಡರಿನ ಒತ್ತಡವನ್ನು ಬ್ರೇಕ್ ದ್ರವದ ಮೂಲಕ ಚಕ್ರಗಳಿಗೆ ತಲುಪಿಸುವ ಲೋಹದ ಸಣ್ಣ ಕೊಳವೆ. ಆರಂಭಿಕ ಅಂಬಾಸಿಡರ್‌ನಂತಹ ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ದ್ರವದ ಮಾರ್ಗ ಒಂದೇ ಆಗಿರುವುದರಿಂದ ಎಲ್ಲಿ ಸೋರಿದರೂ ಕಾಲಿನ ಬ್ರೇಕ್ ಪೂರ್ಣ ವಿಫಲವಾಗಬಹುದು. ಉಳಿಯುವುದು ಕೈಬ್ರೇಕ್ ಮಾತ್ರ. ಆದ್ದರಿಂದ ಪುನಶ್ಚೇತನದ ವೇಳೆ ತುಕ್ಕು ಹಿಡಿದ ಪೈಪಿಗೆ ತೇಪೆ ಹಾಕದೆ ಹೊಸದನ್ನೇ ತಯಾರಿಸಲಾಗುತ್ತದೆ.

ಇದರ ಸಾಮಾನ್ಯ ಹೊರವ್ಯಾಸ 4.76 ಮಿ.ಮೀ. (3/16 ಅಂಗುಲ). ಶುದ್ಧ ತಾಮ್ರ ಸುಲಭವಾಗಿ ಬಾಗಿದರೂ ಕಂಪನದಿಂದ ಗಡುಸಾಗಿ ಬಿರುಕು ಬಿಡುತ್ತದೆ; ಉಕ್ಕು ಅಥವಾ ತಾಮ್ರ-ನಿಕಲ್ ಮಿಶ್ರಲೋಹವೇ ಸೂಕ್ತ. ಹಳೆಯ ಪೈಪನ್ನು ಮಾದರಿಯಾಗಿಟ್ಟು ಬಾಗಿಸಿ, ನಟ್ಟು ಪೋಣಿಸಿದ ಬಳಿಕವೇ ತುದಿಯನ್ನು ಅರಳಿಸಬೇಕು. ಈ ಕ್ರಮವನ್ನು ಮರೆಯುವವರು ಕಡಿಮೆಯೇನಲ್ಲ. ಅರಳಿಸಿದ ಆಕಾರ ಅದು ಕೂರುವ ಜಾಗಕ್ಕೆ ಹೊಂದದಿದ್ದರೆ ಎಷ್ಟು ಬಿಗಿದರೂ ಸೋರುತ್ತದೆ. 3/8 ಅಂಗುಲದ ನಟ್ಟೂ 10 ಮಿ.ಮೀ. ನಟ್ಟೂ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ, ಆದರೆ ಎಳೆಗಳು ಬೇರೆ. ಸರಿಯಾದದ್ದು ಸಿಗದಿದ್ದಲ್ಲಿ ಬೆಂಗಳೂರಿನ ರಾಜಾಜಿನಗರ ಕೈಗಾರಿಕಾ ಪ್ರದೇಶದಂತಹ ಕಡೆಗಳ ಲೇತ್ ಅಂಗಡಿಗಳಲ್ಲಿ ಮಾದರಿ ಕೊಟ್ಟು ಮಾಡಿಸಿಕೊಳ್ಳಬಹುದು. ಜೋಡಣೆಯ ನಂತರ ಗಾಳಿ ಹೊರಹಾಕಿ, ಪೆಡಲನ್ನು ಬಲವಾಗಿ ಒತ್ತಿ ಹಿಡಿದು ಪ್ರತಿಯೊಂದು ಕೂಡಿಕೆಯನ್ನೂ ಪರೀಕ್ಷಿಸಲಾಗುತ್ತದೆ.