ಬಾಗಿಲಲ್ಲಿ ಕೇಳುವ ಚೀಟಿ: ಪ್ಲೇಗಿನ ಕಾಲದಿಂದ ನಮ್ಮ ಕಾಲದವರೆಗೆ

ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಮೊನ್ನೆ ಮಕ್ಕಳ ವಾರ್ಷಿಕ ಪ್ರವಾಸದ ವಿಷಯ ಚರ್ಚೆಗೆ ಬಂದಿತು. ಖೋಪೋಲಿ ಕಡೆಯ ದೊಡ್ಡ ವಿಹಾರೋದ್ಯಾನಕ್ಕೆ ಹೋಗುವುದೆಂದು ಎಲ್ಲರೂ ಒಪ್ಪಿದರು. ಆಗ ಸದಸ್ಯೆಯೊಬ್ಬರು, "ದಡಾರದ ಲಸಿಕೆ ಹಾಕಿಸಿದ ಕಾರ್ಡು ತೋರಿಸುವ ಮಕ್ಕಳನ್ನೇ ಬಸ್ಸಿಗೆ ಹತ್ತಿಸೋಣ. ಉದ್ಯಾನದವರೂ ಬಾಗಿಲಲ್ಲೇ ಅದನ್ನು ಕೇಳಬೇಕು" ಎಂದರು. ಅವರ ಮಗಳ ಕೂಸಿಗೆ ಇನ್ನೂ ಆರು ತಿಂಗಳು. ಹಿರಿಯರೊಬ್ಬರು ಕೈಮುಗಿದು, "ಮತ್ತೆ ಆ ಚೀಟಿಯ ಕಾಟವೇ? ಒಮ್ಮೆ ಅನುಭವಿಸಿದ್ದು ಸಾಕಮ್ಮಾ" ಎಂದರು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಸಭೆ ತೀರ್ಮಾನಕ್ಕೆ ಬರಲಿಲ್ಲ. ಈ ಚೀಟಿಯ ಪೂರ್ವಚರಿತ್ರೆಯನ್ನು ಒಮ್ಮೆ ತಿರುವಿ ನೋಡಿದರೆ ದಾರಿ ಕಂಡೀತೆಂಬ ಆಸೆಯಿಂದ ಈ ಲೇಖನ.

ನಮ್ಮ ದೇಶದಲ್ಲಿ ಸಿಡುಬಿಗೆ ಮೊದಲ ಲಸಿಕೆ ಬಿದ್ದದ್ದು ಇದೇ ಮುಂಬಯಿಯಲ್ಲಿ. 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿನಲ್ಲಿ ಅದು ಫಲಿಸಿತು. ನಾಲ್ಕು ವರ್ಷಗಳ ನಂತರ, 1806ರಲ್ಲಿ, ಮೈಸೂರಿನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಲಸಿಕೆ ಹಾಕಿಸಿಕೊಂಡರು. ಅರಮನೆಯವರೇ ತೋಳು ಚಾಚಿದ ಮೇಲೆ ಪ್ರಜೆಗಳ ಅಂಜಿಕೆಯೂ ಅಷ್ಟಿಷ್ಟು ಕಡಿಮೆಯಾಯಿತು. ಇಲ್ಲಿ ಕಾಯಿದೆಯೂ ಇರಲಿಲ್ಲ, ದಂಡವೂ ಇರಲಿಲ್ಲ. ಮೇಲ್ಪಂಕ್ತಿಯೊಂದಿತ್ತು, ಅಷ್ಟೇ. ಕಾಯಿದೆ ಬಂದದ್ದು ಬಹಳ ತಡವಾಗಿ. 1877ರ ಕಾನೂನು ಮುಂಬಯಿ ನಗರದ ಶಿಶುಗಳಿಗೆ ದೇವಿ ಹಾಕಿಸುವುದನ್ನು ಕಡ್ಡಾಯ ಮಾಡಿತು.

ಚೀಟಿಯ ನಿಜವಾದ ಕಥೆ ಆರಂಭವಾಗುವುದು ಪ್ಲೇಗಿನಿಂದ. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಡಾ. ಅಕಾಸಿಯೊ ವಿಯೇಗಾಸರು ಆ ರೋಗವನ್ನು ಗುರುತಿಸಿದರು. ಜನ ಮುಂಬಯಿ ಬಿಟ್ಟು ಓಡಲಾರಂಭಿಸಿದರು. 1897ರ ಫೆಬ್ರವರಿಯಲ್ಲಿ ಸರಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದು ತನಗೆ ಬೇಕಾದ ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡಿತು. ಆಗ ನಮ್ಮ ಕಲ್ಯಾಣಕ್ಕೆ ಒಂದು ವಿಚಿತ್ರ ಮಹತ್ವ ಬಂದಿತು. ಪುಣೆಯ ದಾರಿಯೂ ನಾಸಿಕದ ದಾರಿಯೂ ಇಲ್ಲಿ ಕವಲೊಡೆಯುತ್ತವಲ್ಲವೇ? ಮುಂಬಯಿ ಬಿಟ್ಟ ಪ್ರಯಾಣಿಕರನ್ನು ಇಲ್ಲಿ ಇಳಿಸಿ, ಜ್ವರವಿದೆಯೇ, ಕಂಕುಳಲ್ಲಿ, ತೊಡೆಸಂದಿನಲ್ಲಿ ಗಡ್ಡೆಯಿದೆಯೇ ಎಂದು ನೋಡುತ್ತಿದ್ದರು. ಹುಬ್ಬಳ್ಳಿ ಧಾರವಾಡದ ಕಡೆಗೆ ಹೊರಟ ನಮ್ಮವರೂ ಈ ತಪಾಸಣೆಯನ್ನು ದಾಟಿಯೇ ಹೋಗಬೇಕಾಗಿತ್ತು. ಮರ್ಯಾದಸ್ಥ ಹೆಂಗಸರಿಗೆ ಅದೆಂಥ ಸಂಕಟವಾಗಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇಂಥ ಬಲಾತ್ಕಾರದ ಮೇಲಿನ ಸಿಟ್ಟೇ ಪುಣೆಯಲ್ಲಿ ಹೊತ್ತಿಕೊಂಡು, 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ್‍ಯಾಂಡನ ಮೇಲೆ ಚಾಪೇಕರ ಸಹೋದರರು ಗುಂಡು ಹಾರಿಸಿದರು.

ಇದರ ನಡುವೆಯೇ ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಚುಚ್ಚುಮದ್ದನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡ. ಮರುವರ್ಷ ಪ್ಲೇಗು ಹುಬ್ಬಳ್ಳಿಯನ್ನು ಹೊಕ್ಕಾಗ ಆ ಊರಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಈ ಸೂಜಿ ಹಾಕಿಸಿಕೊಂಡರು. ಊರಿನ ಬಹುಪಾಲು ಜನರೇ ಮುಂದೆ ಬಂದರೆನ್ನಬೇಕು. ಚುಚ್ಚಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾಯಿತು. ಸೂಜಿ ಹಾಕಿಸಿಕೊಂಡವರಿಗೆ ಸರ್ಟಿಫಿಕೇಟು ಕೊಟ್ಟು ಪ್ಲೇಗಿನ ನಿರ್ಬಂಧಗಳಲ್ಲಿ ರಿಯಾಯಿತಿ ತೋರಿಸುವ ಕ್ರಮವೂ ಆ ದಿನಗಳಲ್ಲೇ ಬಂದಿತು. ನಮ್ಮ ಇಂದಿನ ಚೀಟಿಯ ಮುತ್ತಜ್ಜ ಅದೇ.

ಆದರೆ ನಂಬಿಕೆ ಎಂಬುದು ಗಾಜಿನ ಬಳೆಯಂಥದು. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಒಂದೇ ಸೀಸೆಯ ಮದ್ದು ಚುಚ್ಚಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ನನನ್ನು ಕೆಲಸದಿಂದ ದೂರವಿಟ್ಟರು. ಆ ಸೀಸೆ ಕೆಟ್ಟದ್ದು ಅವನ ಪ್ರಯೋಗಾಲಯದ ತಪ್ಪಿನಿಂದಲ್ಲವೆಂದು ಒಪ್ಪಿ ಅವನನ್ನು ದೋಷಮುಕ್ತನನ್ನಾಗಿ ಮಾಡಿದ್ದು 1907ರಲ್ಲಿ. ಅಷ್ಟರಲ್ಲಿ ಮದ್ದಿನ ಹೆಸರು ಕೆಟ್ಟಿತ್ತು. ಪರೇಲಿನಲ್ಲಿರುವ ಆತನ ಸಂಸ್ಥೆಗೆ 1925ರಲ್ಲಿ ಅವನದೇ ಹೆಸರಿಟ್ಟರು.

ಇನ್ನು ನಾವೇ ಕಂಡ ಕಾಲಕ್ಕೆ ಬರೋಣ. 2020ರ ಮಾರ್ಚಿಯಲ್ಲಿ ನಿಂತ ಲೋಕಲ್ ಗಾಡಿಗಳು ಜೂನ್ ತಿಂಗಳಲ್ಲಿ ಅಗತ್ಯ ಸೇವೆಯವರಿಗಾಗಿ ಮಾತ್ರ ಮತ್ತೆ ಓಡತೊಡಗಿದವು. ಎರಡೂ ಡೋಸು ಮುಗಿಸಿ 14 ದಿನ ಕಳೆದವರು ಹತ್ತಬಹುದೆಂದು ಆದೇಶವಾದದ್ದು 2021ರ ಆಗಸ್ಟ್ 15ರಿಂದ. ನವೆಂಬರ್ 27ರ ಆಜ್ಞೆಯಿಂದ ಸಭೆ ಸಮಾರಂಭಗಳಿಗೂ, ಜನ ಸೇರುವ ಇತರ ಸ್ಥಳಗಳಿಗೂ ಇದೇ ನಿಯಮ ಹರಡಿತು.

ಸರಕಾರಿ ನೌಕರನೆಂಬ ಕಾರಣಕ್ಕೆ ನಾನು ಗುರುತಿನ ಚೀಟಿ ತೋರಿಸಿ ಮೊದಲಿನಿಂದಲೂ ಗಾಡಿ ಹತ್ತುತ್ತಿದ್ದೆ. ಡೊಂಬಿವಲಿಯ ನಮ್ಮ ಚಾಳಿನಲ್ಲೇ ಇದ್ದ, ಕುಂದಾಪುರದ ಕಡೆಯ ಹುಡುಗನೊಬ್ಬ ಮಾಟುಂಗದ ಹೋಟೆಲಿನಲ್ಲಿ ಕೆಲಸಕ್ಕಿದ್ದ. ನಲವತ್ತೈದರ ಒಳಗಿನವರಿಗೆ ಲಸಿಕೆ ಸಿಗುವುದೇ ದುರ್ಲಭವಾಗಿದ್ದ ದಿನಗಳು. ಸರತಿಯಲ್ಲಿ ನಿಂತು ನಿಂತು ಅವನು ಜೂನ್ ಕೊನೆಗೆ ಮೊದಲ ಡೋಸು ಹಾಕಿಸಿಕೊಂಡ. ಎರಡನೆಯದಕ್ಕೆ 84 ದಿನ ಕಾಯಬೇಕೆಂಬ ನಿಯಮ, ಅದರ ಮೇಲೆ 14 ದಿನ. ಎಂದರೆ ಅಕ್ಟೋಬರದ ಮೊದಲ ವಾರದವರೆಗೆ ಅವನಿಗೆ ಗಾಡಿಯಿಲ್ಲ. ಬೆಳಗಿನ ಇಡ್ಲಿಯ ಹೊತ್ತಿಗೆ ಹೋಟೆಲಿನಲ್ಲಿರಬೇಕೆಂದು ನಸುಕಿನಲ್ಲೇ ಎದ್ದು ಎರಡು ಬಸ್ಸು ಬದಲಿಸಿ ಹೋಗುತ್ತಿದ್ದ. ಸಂಬಳದ ದೊಡ್ಡ ಪಾಲು ದಾರಿಖರ್ಚಿಗೇ ಆಗುತ್ತಿತ್ತು. "ನಾನು ಬೇಡ ಎಂದವನಲ್ಲ ಮಾರಾಯ್ರೆ, ಸಿಗದವನು" ಎಂದು ಒಮ್ಮೆ ಮೆಟ್ಟಿಲ ಬಳಿ ಹೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ನಾನು ಹತ್ತುತ್ತಿದ್ದುದು ಲಸಿಕೆಯ ಬಲದಿಂದಲ್ಲ, ನೌಕರಿಯ ಬಲದಿಂದ. ರೋಗಕ್ಕೆ ನಮ್ಮಿಬ್ಬರ ನಡುವೆ ಆ ಭೇದವೇನೂ ತಿಳಿಯದು.

ಆ ಚಳಿಗಾಲದಲ್ಲಿ ಓಮಿಕ್ರಾನ್ ಬಂದು, ಎರಡೂ ಡೋಸಿನವರಿಗೂ ರೋಗ ತಗಲಿತು. ಲಸಿಕೆ ಪ್ರಾಣ ಉಳಿಸಿತು, ನಿಜ. ಆದರೆ ಹರಡುವುದನ್ನು ನಿರೀಕ್ಷಿಸಿದಷ್ಟು ತಡೆಯಲಿಲ್ಲ. ನಿರ್ಬಂಧಗಳನ್ನು ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಯಿತು. 2022ರ ಯುಗಾದಿಗೆ ಮುನ್ನ ಸರಕಾರ ಅವನ್ನು ತೆಗೆದುಹಾಕಿತು. ಮೇ 2ರಂದು ಸುಪ್ರೀಂ ಕೋರ್ಟು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಆದರೆ ಸಮಾಜದ ಆರೋಗ್ಯಕ್ಕಾಗಿ ಸರಕಾರ ಪ್ರಮಾಣ ಮೀರದ ನಿರ್ಬಂಧಗಳನ್ನು ಹಾಕಬಹುದು ಎಂದಿತು. ಲಸಿಕೆ ಹಾಕಿಸದವರಿಂದಲೇ ರೋಗ ಹೆಚ್ಚು ಹರಡುತ್ತದೆಂಬುದಕ್ಕೆ ಆಧಾರವನ್ನು ರಾಜ್ಯಗಳು ಮುಂದಿಡದ ಕಾರಣ, ಆಗಿನ ನಿರ್ಬಂಧಗಳು ಪ್ರಮಾಣಬದ್ಧವಲ್ಲವೆಂದೂ ಹೇಳಿತು.

ಇದು ಹೊಸ ತತ್ತ್ವವೇನೂ ಅಲ್ಲ. ಹಿಂದೆ ಪರದೇಶಕ್ಕೆ ಹೋಗುವವರು ಕಾಲರಾ ಸೂಜಿಯ ಪತ್ರ ತೋರಿಸಬೇಕಾಗಿತ್ತು. ಆ ಸೂಜಿ ರೋಗ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವುದನ್ನು ತಡೆಯದೆಂದು ಅರಿತ ವಿಶ್ವ ಆರೋಗ್ಯ ಸಂಸ್ಥೆ 1973ರಲ್ಲಿ ಅದನ್ನು ಅಂತರರಾಷ್ಟ್ರೀಯ ನಿಯಮಗಳಿಂದ ಕೈಬಿಟ್ಟಿತು. ಹಳದಿ ಜ್ವರದ ಪತ್ರ ಮಾತ್ರ ಇಂದಿಗೂ ಇದೆ, ಏಕೆಂದರೆ ಆ ಲಸಿಕೆ ತಡೆಯುತ್ತದೆ.

ಹಾಗಾದರೆ ದಡಾರದ ಮಾತೇನು? ಸಭೆಯ ಆ ತಾಯಿಯ ಅಂಜಿಕೆ ಸುಳ್ಳಲ್ಲ. 2014ರ ಡಿಸೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ದಡಾರ ಹಬ್ಬಿ ನೂರಕ್ಕೂ ಹೆಚ್ಚು ಜನರಿಗೆ ತಗಲಿತು. ರೋಗಿ ಹೊರಟುಹೋದ ಮೇಲೂ ಅದರ ವಿಷಾಣು ಎರಡು ಗಂಟೆಯವರೆಗೆ ಗಾಳಿಯಲ್ಲಿ ಇರಬಲ್ಲದು. ಎರಡು ಡೋಸಿನ ಲಸಿಕೆ ಈ ರೋಗವನ್ನು ನೂರರಲ್ಲಿ ತೊಂಬತ್ತೇಳರಷ್ಟು ತಡೆಯುತ್ತದೆ. ಎಂದರೆ ಇಲ್ಲಿ ಚೀಟಿ ಕೇಳುವುದಕ್ಕೆ ವಿಜ್ಞಾನದ ಆಧಾರವಿದೆ. ಆದರೂ ಕ್ಯಾಲಿಫೋರ್ನಿಯಾ ಏನು ಮಾಡಿತು ನೋಡಿ. ಅದು ಉದ್ಯಾನದ ಬಾಗಿಲಲ್ಲಿ ಕಾವಲು ಹಾಕಲಿಲ್ಲ. 2015ರಲ್ಲಿ ಕಾನೂನು ಮಾಡಿ, ಸ್ವಂತ ನಂಬಿಕೆಯ ನೆಪದಿಂದ ಶಾಲೆಗೆ ಹೋಗುವ ಮಕ್ಕಳಿಗೆ ಲಸಿಕೆ ತಪ್ಪಿಸುವ ದಾರಿಯನ್ನು ಮುಚ್ಚಿತು.

ನಮ್ಮಲ್ಲಿ 2022ರ ಕೊನೆಗೆ ದಡಾರ, ಮರಾಠಿಯವರ ಗೋವರ್, ಎಲ್ಲಿ ಎದ್ದಿತು? ಮುಂಬಯಿಯ ಗೋವಂಡಿಯಲ್ಲಿ, ಮಾಲೇಗಾಂವದಲ್ಲಿ, ನಮ್ಮ ಠಾಣೆ ಜಿಲ್ಲೆಯ ಭಿವಂಡಿಯಲ್ಲಿ. ಕೊರೋನಾ ಕಾಲದಲ್ಲಿ ಡೋಸು ತಪ್ಪಿದ ಮಕ್ಕಳು ಹಾಸಿಗೆ ಹಿಡಿದರು, ಕೆಲವರು ಸತ್ತರು. ಆ ಮಕ್ಕಳಲ್ಲಿ ಎಷ್ಟು ಮಂದಿ ವಿಹಾರೋದ್ಯಾನದ ಟಿಕೀಟು ಕೊಳ್ಳಬಲ್ಲವರು? ಟಿಕೀಟು ಕೊಳ್ಳುವ ನಮ್ಮ ಮಕ್ಕಳ ಕಾರ್ಡು ಬಹುಮಟ್ಟಿಗೆ ತುಂಬಿಯೇ ಇರುತ್ತದೆ. ಬೇಲಿ ಹಾಕಬೇಕಾದದ್ದು ಹೊಲಕ್ಕೆ, ನಾವು ಹಾಕಹೊರಟಿರುವುದು ಕಣಕ್ಕೆ.

ಚರಿತ್ರೆಯಿಂದ ನನಗೆ ತೋರುವುದಿಷ್ಟು. ಬಾಗಿಲಲ್ಲಿ ಚೀಟಿ ಕೇಳುವುದು ಸದಾ ಅನ್ಯಾಯವೂ ಅಲ್ಲ, ಸದಾ ನ್ಯಾಯವೂ ಅಲ್ಲ. ಲಸಿಕೆ ಪಕ್ಕದವನನ್ನೂ ಕಾಪಾಡುವಂಥದಾಗಿರಬೇಕು. ಬೇಕೆಂದವರಿಗೆಲ್ಲ ಮೊದಲು ಸಿಕ್ಕಿರಬೇಕು. ರೋಗ ಎದ್ದಾಗ ಬಂದ ನಿಯಮ ರೋಗ ಇಳಿದಾಗ ಹೋಗಬೇಕು. ಹೊಟ್ಟೆಪಾಡಿನ ಗಾಡಿಗೂ ಮೋಜಿನ ಜಾರುಬಂಡೆಗೂ ಒಂದೇ ತಕ್ಕಡಿ ಸಲ್ಲದು. ಈ ಲೆಕ್ಕದಲ್ಲಿ, ದಡಾರ ಊರಲ್ಲಿ ಎದ್ದಿರುವ ವಾರಗಳಲ್ಲಿ ಉದ್ಯಾನದವರು ಮಕ್ಕಳ ಕಾರ್ಡು ಕೇಳಿದರೆ ನಾನು ತಪ್ಪೆನ್ನಲಾರೆ. ವರ್ಷವಿಡೀ ಕೇಳುವುದು ಬರಿಯ ಶಾಸ್ತ್ರವಾದೀತು.

ನಮ್ಮ ಪ್ರವಾಸದ ಬಗ್ಗೆ ನನ್ನ ಸೂಚನೆ ಇದು. ಬಸ್ಸಿನ ಬಾಗಿಲಲ್ಲಿ ಯಾರನ್ನೂ ತಡೆಯುವುದು ಬೇಡ. ಪ್ರವಾಸಕ್ಕೆ ಒಂದೂವರೆ ತಿಂಗಳು ಮೊದಲೇ ಎಲ್ಲ ಮನೆಯವರೂ ಮಕ್ಕಳ ಕಾರ್ಡು ತೆಗೆದು ನೋಡಲಿ. 9ನೆಯ ತಿಂಗಳ ಡೋಸು, 16ರಿಂದ 24ನೆಯ ತಿಂಗಳ ಒಳಗಿನ ಡೋಸು, ಎರಡರ ಮುಂದೆಯೂ ತಾರೀಖು ಇದೆಯೇ? ಇಲ್ಲದಿದ್ದರೆ ಹತ್ತಿರದ ಪಾಲಿಕೆಯ ದವಾಖಾನೆಯಲ್ಲಿ ಪುಕ್ಕಟೆ ಹಾಕಿಸಬಹುದು. ಜೊತೆಗೆ ಹೋಗಲು ನಾನು ಸಿದ್ಧ. ಮನೆಗೆಲಸದವರ, ವಾಚ್‌ಮನ್ನರ ಮಕ್ಕಳ ಕಾರ್ಡನ್ನೂ ಕೇಳಿ ನೋಡೋಣ. ಆರು ತಿಂಗಳ ಆ ಕೂಸಿಗೆ ಅದಕ್ಕಿಂತ ಗಟ್ಟಿಯಾದ ಕಾವಲು ಬೇರೆ ಇಲ್ಲ.