ಥಾಣೆ-ಬೇಲಾಪುರ ರಸ್ತೆಯಲ್ಲಿ ನನ್ನ ಮೊದಲ ವರ್ಷ

ಮೊನ್ನೆ ಭಾನುವಾರ ನಮ್ಮ ಸೊಸೈಟಿಯ ಕನ್ನಡದ ಹುಡುಗನೊಬ್ಬ ಅಮ್ಮನ ಜೊತೆ ಮನೆಗೆ ಬಂದಿದ್ದ. ಈಗಷ್ಟೇ ಕೆಮಿಕಲ್ ಇಂಜಿನಿಯರಿಂಗ್ ಮುಗಿಸಿದ್ದಾನೆ. ಕೈಯಲ್ಲಿ ಎರಡು ಕೆಲಸ ಇವೆ. ಒಂದು ಇಲ್ಲೇ ಐರೋಳಿಯ ಐಟಿ ಕಂಪನಿಯಲ್ಲಿ, ಇನ್ನೊಂದು ಗುಜರಾತಿನ ದಹೇಜ್‌ನ ಒಂದು ಕಾರ್ಖಾನೆಯಲ್ಲಿ, ಟ್ರೈನಿಯಾಗಿ, ಶಿಫ್ಟ್ ಡ್ಯೂಟಿ. "ಅಂಕಲ್, ನೀವು ಪ್ಲಾಂಟ್‌ನಲ್ಲೇ ಶುರು ಮಾಡಿದವರು, ನಾನೇನು ಮಾಡಲಿ?" ಅಂತ ಕೇಳಿದ. ನಾನು "ಐಟಿ" ಅಂದುಬಿಡಲಿ ಅಂತ ಅವನಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಚಹಾ ಕುಡಿಯುವ ಹೊತ್ತಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಈ ವೃತ್ತಿಗೆ ಅಂಥಾ ವಯಸ್ಸೇನೂ ಆಗಿಲ್ಲ. ಇಂಗ್ಲೆಂಡಿನಲ್ಲಿ ಜಾರ್ಜ್ ಡೇವಿಸ್ ಅಂತ ಒಬ್ಬರಿದ್ದರು. ಸೋಡಾ ಕಾರ್ಖಾನೆಗಳ ಚಿಮಣಿಯಿಂದ ಬರುವ ಆಮ್ಲದ ಹೊಗೆ ಸುತ್ತಲಿನ ಹೊಲ ಸುಡುತ್ತಿದ್ದ ಕಾಲ ಅದು. ಅದನ್ನು ತಡೆಯಲು 1863ರಲ್ಲಿ ಒಂದು ಕಾಯ್ದೆ ಬಂತು. ಆ ಕಾಯ್ದೆಯ ಕೆಳಗೆ ಇನ್‌ಸ್ಪೆಕ್ಟರ್ ಆಗಿ ಕಾರ್ಖಾನೆ ಕಾರ್ಖಾನೆ ಸುತ್ತಿದವರು ಡೇವಿಸ್. ಹಾಗೆ ಸುತ್ತಿ ನೋಡಿದ್ದನ್ನೇ 1887ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹನ್ನೆರಡು ಉಪನ್ಯಾಸ ಮಾಡಿದರು. ಮಾಡುವುದು ಸಾಬೂನಾಗಲಿ ಗೊಬ್ಬರವಾಗಲಿ, ಕಾಯಿಸುವುದು, ಬಟ್ಟಿ ಇಳಿಸುವುದು, ಸೋಸುವುದು, ಒಣಗಿಸುವುದು ಎಲ್ಲ ಕಡೆ ಅವೇ ತಾನೇ? ಮರು ವರ್ಷವೇ ಅಮೆರಿಕದ ಎಂಐಟಿಯಲ್ಲಿ ಈ ವಿಷಯದ ಪದವಿ ತರಗತಿ ಶುರುವಾಯಿತು.

ನಮ್ಮಲ್ಲಿ ಕಲ್ಕತ್ತದ ಜಾದವಪುರದಲ್ಲಿ 1921ರಲ್ಲಿ, ಮುಂಬೈ ವಿಶ್ವವಿದ್ಯಾಲಯದಲ್ಲಿ 1933ರಲ್ಲಿ ಈ ಓದು ಶುರುವಾಯಿತು. ಮುಂಬೈ ಕನ್ನಡಿಗರಿಗೆ ಮಾಟುಂಗಾದ "ಯುಡಿಸಿಟಿ" ಗೊತ್ತೇ ಇರುತ್ತದೆ. ಅದೇ ಇದು. ಕಟ್ಟಡ ಮಾಟುಂಗಾಕ್ಕೆ ಬಂದದ್ದು 1943ರಲ್ಲಿ, ಐಸಿಟಿ ಅಂತ ಹೆಸರಾದದ್ದು 2008ರಲ್ಲಿ. ಆದರೆ ಓದಿಗಿಂತ ಮೊದಲೇ ನಮ್ಮ ಮೈಸೂರಿನಲ್ಲಿ ಕಸುಬು ನಡೆದಿತ್ತು! 1914ರ ಮಹಾಯುದ್ಧ ಬಂದು ಜರ್ಮನಿಗೆ ಹೋಗುತ್ತಿದ್ದ ಶ್ರೀಗಂಧದ ಮರ ಇಲ್ಲೇ ಉಳಿಯಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳ ಸಹಾಯದಿಂದ ಸಂಸ್ಥಾನದವರು ಎಣ್ಣೆಯನ್ನು ತಾವೇ ಬಟ್ಟಿ ಇಳಿಸಲು ಕಲಿತರು. ಅದರ ಬೆನ್ನಿಗೇ ಸರ್ಕಾರಿ ಸಾಬೂನು ಕಾರ್ಖಾನೆ ಬಂತು. ನಾವೆಲ್ಲ ಊರಿಂದ ಬರುವಾಗ ಚೀಲಕ್ಕೆ ಹಾಕಿಕೊಂಡು ಬರುವ ಮೈಸೂರ್ ಸ್ಯಾಂಡಲ್ ಸೋಪಿನ ಮೂಲ ಅಲ್ಲಿದೆ.

ಇರಲಿ, ಮುಂಬೈಗೆ ಬರೋಣ. ಟ್ರಾಂಬೆ-ಮಾಹುಲ್ ಕಡೆ 1954 ಮತ್ತು 1955ರಲ್ಲಿ ಎರಡು ತೈಲ ಶುದ್ಧೀಕರಣ ಕಾರ್ಖಾನೆಗಳು ಶುರುವಾದವು. 1965ರಲ್ಲಿ ಟ್ರಾಂಬೆಯ ಗೊಬ್ಬರ ಕಾರ್ಖಾನೆ ಬಂತು. 1962ರಲ್ಲಿ ಹುಟ್ಟಿದ ಎಂಐಡಿಸಿ ಖಾಡಿಯ ಆಚೆ ಥಾಣೆಯಿಂದ ಬೇಲಾಪುರದವರೆಗೆ ಕೈಗಾರಿಕೆಗೆ ಜಾಗ ಕೊಟ್ಟಿತು. 1968ರಲ್ಲಿ ನೋಸಿಲ್‌ನವರ ನಾಫ್ತಾ ಕ್ರ್ಯಾಕರ್ ಅಲ್ಲಿ ನಡೆಯತೊಡಗಿತು. ನಾಫ್ತಾ ಒಡೆದರೆ ಎಥಿಲೀನ್, ಎಥಿಲೀನ್ ಇದ್ದರೆ ಪ್ಲಾಸ್ಟಿಕ್. ಹೀಗೆ ಒಂದರ ಮಗ್ಗುಲಿಗೆ ಒಂದು ಕಾರ್ಖಾನೆ ಎದ್ದು ಇಡೀ ರಸ್ತೆಯೇ ಕೆಮಿಕಲ್ ಬೆಲ್ಟ್ ಆಯಿತು. 1973ರಲ್ಲಿ ಅಪ್ರೆಂಟಿಸ್ ಕಾಯ್ದೆಗೆ ತಿದ್ದುಪಡಿಯಾಗಿ, ಪದವೀಧರ ಇಂಜಿನಿಯರುಗಳನ್ನೂ ತರಬೇತಿಗೆ ತೆಗೆದುಕೊಳ್ಳುವ ವ್ಯವಸ್ಥೆ ಆಯಿತು. ನನ್ನಂಥವರಿಗೆ ಬಾಗಿಲು ತೆರೆದದ್ದು ಹೀಗೆ.

1984ರ ಆಗಸ್ಟ್. ಆಗಿನ ಧಾರವಾಡ ಜಿಲ್ಲೆಯ ರಾಣೆಬೆನ್ನೂರಿನಿಂದ ಮೀಟರ್ ಗೇಜ್ ಗಾಡಿ, ಮೀರಜ್‌ನಲ್ಲಿ ಇಳಿದು ಬ್ರಾಡ್ ಗೇಜ್ ಗಾಡಿ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ. ಥಾಣೆಯಲ್ಲಿ ನಾಲ್ಕು ಜನ ಹುಡುಗರಿದ್ದ ರೂಮಿನಲ್ಲಿ ಐದನೆಯವನಾದೆ. ಆಗ ಆ ರಸ್ತೆಗೆ ಲೋಕಲ್ ಟ್ರೇನ್ ಇರಲಿಲ್ಲ. ಕಂಪನಿ ಬಸ್ಸು ತಪ್ಪಿದರೆ ಆ ದಿನದ ಕೆಲಸವೂ ತಪ್ಪಿದಂತೆಯೇ.

ಕಾಲೇಜಿನಲ್ಲಿ ಡಿಸ್ಟಿಲೇಷನ್ ಕಾಲಮ್ಮಿನ ಲೆಕ್ಕ ಮಾಡಿ ಡಿಸ್ಟಿಂಕ್ಷನ್ ತೆಗೆದಿದ್ದೆ. ಕಾರ್ಖಾನೆಯಲ್ಲಿ ನನಗೆ ಕೊಟ್ಟ ಕೆಲಸ ಲಾಗ್ ಶೀಟ್ ತುಂಬುವುದು. ಗಂಟೆಗೊಮ್ಮೆ ಪ್ಲಾಂಟ್ ಸುತ್ತಿ ಒತ್ತಡ, ಉಷ್ಣತೆ, ಮಟ್ಟ ಬರೆಯಬೇಕು. ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯುವುದು ಕಷ್ಟ. "ಮೇಲಿನ ಸಾಲು ನೋಡ್ಕೊಂಡು ಬರೆದುಬಿಡು" ಅಂತ ನನಗಿಂತ ಒಂದು ವರ್ಷ ಹಿರಿಯ ಇಂಜಿನಿಯರ್ ಹೇಳಿಕೊಟ್ಟಿದ್ದ. ಕಾಲಮ್ಮಿನ ತುದಿಯ ಗೇಜ್ ಮೂರನೇ ಪ್ಲಾಟ್‌ಫಾರ್ಮಿನಲ್ಲಿತ್ತು. ಕಬ್ಬಿಣದ ಏಣಿ ಹತ್ತಬೇಕು. ನಾನು ಕೆಳಗೇ ಕೂತು 2.2, 2.2, 2.2 ಅಂತ ಮೂರು ವಾರ ಬರೆದೆ.

ಕುಂದಾಪುರದ ಕಡೆಯ ಹಿರಿಯ ಆಪರೇಟರ್ ಒಬ್ಬರಿದ್ದರು. ಓದು ಏಳನೇ ಕ್ಲಾಸು, ಸರ್ವೀಸು ಹದಿನೈದು ವರ್ಷ. ನವೆಂಬರ್ ಕೊನೆಯ ಒಂದು ರಾತ್ರಿ ನನ್ನ ಶೀಟನ್ನು ನೋಡಿ, "ಇಂಜಿನಿಯರ್ರೆ, ಹಗಲಿಗೂ ರಾತ್ರಿಗೂ ಒಂದೇ ನಂಬ್ರ ಬರ್ತದಾ? ಒಂದು ಸರ್ತಿ ಹತ್ತಿ ನೋಡುವ, ಬನ್ನಿ" ಅಂದರು. ಹತ್ತಿದೆವು. ಗೇಜ್ 2.2 ತೋರಿಸುತ್ತಿತ್ತು. ನಾನು ಗೆದ್ದೆ ಅಂದುಕೊಂಡೆ. ಅವರು ಮಾತಾಡದೆ ಕೆಳಗಿನ ವಾಲ್ವ್ ಮುಚ್ಚಿ, ಸ್ಪ್ಯಾನರಿನಿಂದ ಗೇಜನ್ನೇ ಬಿಚ್ಚಿ ನನ್ನ ಕೈಗೆ ಕೊಟ್ಟರು. ನನ್ನ ಅಂಗೈಯಲ್ಲಿದ್ದ ಗೇಜಿನ ಮುಳ್ಳು ಆಗಲೂ 2.2ರಲ್ಲೇ ನಿಂತಿತ್ತು!

ಹೊಸ ಗೇಜ್ ಹಾಕಿದಾಗ 3.1 ಬಂತು. ಸೇಫ್ಟಿ ವಾಲ್ವ್ ತೆರೆಯುವುದು 3.5ಕ್ಕೆ. ಕಂಡೆನ್ಸರಿನ ಟ್ಯೂಬುಗಳಲ್ಲಿ ಕೆಸರು ಕಟ್ಟಿತ್ತು ಅಂತ ಆಮೇಲೆ ಗೊತ್ತಾಯಿತು. ಅವರು ಯಾರಿಗೂ ದೂರು ಹೇಳಲಿಲ್ಲ.

ಇದಾಗಿ ವಾರವೂ ಕಳೆದಿರಲಿಲ್ಲ. ಡಿಸೆಂಬರ್ 2ರ ರಾತ್ರಿ ಭೋಪಾಲ ಆಯಿತು. ಯೂನಿಯನ್ ಕಾರ್ಬೈಡಿನ ಕೀಟನಾಶಕ ಕಾರ್ಖಾನೆಯಲ್ಲಿ ಸುಮಾರು 40 ಟನ್ ಮೀಥೈಲ್ ಐಸೋಸೈನೇಟ್ ಇದ್ದ ಟ್ಯಾಂಕಿಗೆ ನೀರು ಸೇರಿ, ವಿಷಗಾಳಿ ಊರಿನ ಮೇಲೆ ಹರಡಿತು. ಮಲಗಿದ್ದ ಸಾವಿರಾರು ಜನ ಸತ್ತರು. ಟ್ಯಾಂಕನ್ನು ತಂಪಾಗಿಡುವ ಯಂತ್ರ ಮೊದಲೇ ನಿಂತಿತ್ತು. ಗಾಳಿಯನ್ನು ಸುಡಬೇಕಾದ ಫ್ಲೇರ್‌ನ ಪೈಪನ್ನು ರಿಪೇರಿಗೆ ಬಿಚ್ಚಿದ್ದರು. ಮುಂದೆ ವರದಿಗಳಲ್ಲಿ ಓದಿದ ಒಂದು ವಿವರ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಆ ಟ್ಯಾಂಕಿನ ಒತ್ತಡ ರಾತ್ರಿ ಹತ್ತೂವರೆ ಸುಮಾರಿಗೆ 2 ಪಿಎಸ್‌ಐ ಇತ್ತು, ಹನ್ನೊಂದಕ್ಕೆ 10. ನಡುವೆ ಪಾಳಿ ಬದಲಾಗಿತ್ತು. ಹತ್ತು ಅನ್ನುವುದು ಮಾಮೂಲು ಮಿತಿಯೊಳಗಿನ ಅಂಕಿ, ಹಾಗಾಗಿ ಯಾರಿಗೂ ಗಾಬರಿಯಾಗಲಿಲ್ಲ. ನೋಡಿದವರು ಅಂಕಿಯನ್ನು ನೋಡಿದರು, ಅದು ಏರಿದ್ದನ್ನು ನೋಡಲಿಲ್ಲ. ಮೂರು ವಾರ 2.2 ಬರೆದ ನಾನು ಅವರನ್ನು ಬೈಯುವುದು ಹೇಗೆ?

ಊರಿಂದ ಅಪ್ಪನ ಇನ್‌ಲ್ಯಾಂಡ್ ಪತ್ರ ಬಂತು. "ನಿಮ್ಮ ಕಾರ್ಖಾನ್ಯಾಗೂ ಅಂಥಾ ಗ್ಯಾಸ್ ಐತೇನು? ಇದ್ರ ಬಿಟ್ಟು ಬಾ, ಹೊಲ ಐತಿ." "ಅಂಥಾದ್ದೇನೂ ಇಲ್ಲ" ಅಂತ ಬರೆದೆ. ಆ ಗ್ಯಾಸ್ ಇರಲಿಲ್ಲ, ನಿಜ. ಆದರೆ ನಮ್ಮ ಶೆಡ್ಡಿನಲ್ಲಿ ಕ್ಲೋರಿನ್ ತುಂಬಿದ ಟನರ್‌ಗಳು ಸಾಲಾಗಿ ಇದ್ದವು. ಅದೂ ಒಂದು ಸುಳ್ಳು ಲಾಗ್ ಶೀಟೇ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಅವರಿಗೆ ಕೊನೆಗೂ ಅದನ್ನು ಹೇಳಲಿಲ್ಲ.

ಭೋಪಾಲದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. 1987ರಲ್ಲಿ ಕಾರ್ಖಾನೆ ಕಾಯ್ದೆಯನ್ನು ತಿದ್ದಿದರು. ಅಪಾಯದ ವಸ್ತುಗಳ ಬಗ್ಗೆ ಕಾರ್ಮಿಕರಿಗೂ ಸುತ್ತಲ ಜನರಿಗೂ ಮಾಹಿತಿ ಕೊಡಬೇಕು, ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರೂ ಇರಬೇಕು ಅಂತಾಯಿತು. ಅಪ್ಪ ಪತ್ರದಲ್ಲಿ ಕೇಳಿದ ಪ್ರಶ್ನೆ ಮೂರು ವರ್ಷದ ಮೇಲೆ ಕಾಯ್ದೆಯೊಳಗೆ ಬಂದಂತಾಯಿತು.

1991ರ ಆರ್ಥಿಕ ಸುಧಾರಣೆಯ ನಂತರ ಆ ರಸ್ತೆಯ ಹಳೆಯ ಕಾರ್ಖಾನೆಗಳು ಒಂದೊಂದಾಗಿ ಕುಗ್ಗಿದವು. ಎಷ್ಟೋ ಗೇಟುಗಳಿಗೆ ಬೀಗ ಬಿತ್ತು. 2004ರಲ್ಲಿ ಲೋಕಲ್ ಟ್ರೇನ್ ಬಂತು, ಗಾಜಿನ ಐಟಿ ಕಟ್ಟಡಗಳು ಎದ್ದವು. ಆ ಹುಡುಗನಿಗೆ ಐಟಿ ಕೆಲಸ ಸಿಕ್ಕಿರುವುದು ಅದೇ ರಸ್ತೆಯಲ್ಲಿ.

ಕೊನೆಗೆ ಅವನಿಗೆ ಫೋನ್ ಮಾಡಿ ಹೇಳಿದ್ದು ಇಷ್ಟು: "ದಹೇಜ್‌ಗೆ ಹೋಗು ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ಸೇರುವ ಮುಂಚೆ ಒಂದು ದಿನ ಪ್ಲಾಂಟ್ ನೋಡಿ ಬಾ. ಹತ್ತು ವರ್ಷ ಮೀರಿದ ಆಪರೇಟರುಗಳು ಎಷ್ಟು ಜನ ಇದ್ದಾರೆ ಕೇಳು. ಟ್ರೈನಿ ಹೆದರಿ ಪ್ಲಾಂಟ್ ನಿಲ್ಲಿಸಿದರೆ ಬೈಯುತ್ತಾರಾ ಕೇಳು. ಸೇರಿದರೆ ಏಣಿ ಹತ್ತು. ಮತ್ತೆ, ಅಮ್ಮ ಏನು ಕೇಳಿದರೂ ಇದ್ದದ್ದು ಇದ್ದ ಹಾಗೆ ಹೇಳು."

ಅವನು ಮುಂದಿನ ವಾರ ದಹೇಜ್ ನೋಡಲು ಹೋಗುತ್ತಿದ್ದಾನೆ. ಅವನಮ್ಮ ನನ್ನ ಹೆಂಡತಿಯ ಜೊತೆ ಸದ್ಯಕ್ಕೆ ಮಾತು ಬಿಟ್ಟಿದ್ದಾರೆ!